ಚುಚ್ಚದ ಅಂಚು

ಸ್ಯಾನ್ ಡಿಯೇಗೊದಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಮೈಸೂರಿನವರು, ಬಂದೂಕು ರಿಪೇರಿ ಅವರ ಕೆಲಸ. ಅಂಗಿಯೊಳಗೆ ಇಟ್ಟುಕೊಳ್ಳುವ ಪುಟ್ಟ ಪಿಸ್ತೂಲು ಬಂದರೆ, ಅದರ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡಿನ ಚೂಪು ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಿದ್ದರು. ಆಮೇಲೆ ಆಂಟಿಯ ರೇಷ್ಮೆ ದುಪಟ್ಟಾವನ್ನು ಅದರ ಮೇಲೆ ಎಳೆದು ನೋಡುತ್ತಿದ್ದರು. ಒಂದು ನೂಲು ಸಿಕ್ಕಿಕೊಂಡರೂ ಮತ್ತೆ ಉಜ್ಜುವುದೇ.

"ಚುಚ್ಚಬಾರದು ನೋಡಿ," ಎನ್ನುತ್ತಿದ್ದರು.

ಮೊಮ್ಮಗಳು ಹೆಜ್ಜೆ ಇಡಲು ಕಲಿತ ವಾರ ಅವರ ಮನೆಗೆ ಹೋದೆ. ಊಟದ ಟೇಬಲ್ಲಿಗೆ ಮೂಲೆಗಳೇ ಇರಲಿಲ್ಲ.

"ಹೊಸಾ ಟೇಬಲ್ಲು, ಹಾಳ್ ಮಾಡ್ಬಿಟ್ರು," ಎಂದರು ಆಂಟಿ.

ಅಂಕಲ್ ಆಂಟಿಯ ದುಪಟ್ಟಾ ತೆಗೆದು ಟೇಬಲ್ಲಿನ ಅಂಚಿನ ಮೇಲೆ ಎಳೆದರು. ಅದು ಎಲ್ಲೂ ಸಿಕ್ಕದೆ ಜಾರಿತು. ಜಾರಿದ ತುದಿಯನ್ನು ಮಗು ಹಿಡಿದು, ತಾತನನ್ನು ಎಳೆದುಕೊಂಡು ಟೇಬಲ್ ಸುತ್ತ ಹೊರಟಿತು.

ಆಂಟಿ ನೋಡುತ್ತಲೇ ಇದ್ದರು. "ಕುರ್ಚಿಗಳನ್ನ ಯಾಕ್ ಬಿಟ್ರಿ?" ಎಂದರು.