ಅಂಗೈ ಅಗಲದ ಬಾಗಿಲು

2021ರಲ್ಲಿ ನಾನು ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್ ಸುತ್ತಮುತ್ತ ಲಿಫ್ಟ್ ಮೆಕ್ಯಾನಿಕ್ ಆಗಿದ್ದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಬೆಂಗಳೂರಿನಲ್ಲಿ ಲಿಫ್ಟಿನ ಗ್ರೀಸ್ ಒರೆಸುತ್ತ ಕೆಲಸ ಕಲಿತವನು. ಇಲ್ಲಿನ ಲೈಸೆನ್ಸ್ ಪರೀಕ್ಷೆಯನ್ನು ಇಂಗ್ಲಿಷಿನಲ್ಲೇ ಬರೆದು ಪಾಸಾದೆ. ಕನ್ನಡ ಕೂಟದಲ್ಲಿ ಯಾರಾದರೂ ‘ಯಾವ ಕಂಪನಿ ಸಾರ್?’ ಎಂದರೆ, ‘ನೀವು ದಿನಾ ಮೇಲಕ್ಕೆ ಹೋಗೋದೇ ನಮ್ಮಿಂದ ಸ್ವಾಮಿ’ ಎನ್ನುತ್ತೇನೆ.

ಮೇ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ವೃದ್ಧರ ವಸತಿಗೃಹವೊಂದರಿಂದ ಕರೆ ಬಂತು. ಲಿಫ್ಟಿನಲ್ಲಿ ಒಬ್ಬರು ಸಿಕ್ಕಿಕೊಂಡಿದ್ದರು. ನಾನು ಹೋಗುವ ಹೊತ್ತಿಗೆ ಎರಡನೇ ಮಹಡಿಯಲ್ಲಿ ನರ್ಸ್ ಶೈಲಜಾ ಕಾಯುತ್ತಿದ್ದಳು. ಹಾಸನದ ಕಡೆಯವಳು, ಮೊದಲಿನಿಂದ ಪರಿಚಯ.

‘ಅಣ್ಣಾ, ಒಳಗಿರೋದು ಡಾಕ್ಟರ್ ಸ್ಟೆಲಿಯೋಸ್, ಹೆರಿಗೆ ಡಾಕ್ಟರಾಗಿದ್ದೋರು. ಐದನೇ ಫ್ಲೋರಲ್ಲಿ ಇರ್ತಾರೆ. ಅವರ ವೈಫ್ ಎಲೆನಿ ಇಲ್ಲಿ, ನೆನಪು ಹೋದವರ ವಾರ್ಡಲ್ಲಿ. ಕೋವಿಡ್ ಅಂತ ಒಂದು ವರ್ಷ ಇವರನ್ನ ಒಳಗೆ ಬಿಟ್ಟೇ ಇರಲಿಲ್ಲ. ಇವತ್ತು ಫಸ್ಟ್ ವಿಸಿಟ್, ನಾಲ್ಕಕ್ಕೆ ಮುಗಿಯತ್ತೆ. ಮತ್ತೆ ಸ್ಲಾಟ್ ಸಿಗೋದು ಮುಂದಿನ ವಾರಾನೇ.’

‘ವಾರ ತಾನೆ?’

‘ಅವರ ಈಸ್ಟರ್ ಇವತ್ತು ಅಣ್ಣಾ.’

ಗ್ರೀಕರ ಚರ್ಚಿನ ಲೆಕ್ಕದಲ್ಲಿ ಹಬ್ಬ ಆ ವರ್ಷ ಅಂದು ಬಿದ್ದಿತ್ತು. ಒಂದೇ ಕಟ್ಟಡ, ನಡುವೆ ಮೂರು ಮಹಡಿ. ಗಂಡ ಹೆಂಡತಿ ವರ್ಷವಿಡೀ ಫೋನಿನ ಪರದೆಯಲ್ಲಷ್ಟೇ ಒಬ್ಬರನ್ನೊಬ್ಬರು ನೋಡಿದ್ದರು.

ಆಗಿದ್ದು ಇಷ್ಟು. ಲಿಫ್ಟು ಎರಡನೇ ಮಹಡಿಗೆ ಬರುತ್ತ ನಿಧಾನವಾಗಿದೆ. ತಡೆಯಲಾರದೆ ಡಾಕ್ಟರು ಊರುಗೋಲಿನಿಂದ ಒಳಬಾಗಿಲು ಮೀಟಿದ್ದಾರೆ. ಬಾಗಿಲು ಹಳಿ ತಪ್ಪಿ, ಲಿಫ್ಟು ಮಹಡಿಗಿಂತ ಸೊಂಟದೆತ್ತರ ಮೇಲೆಯೇ ಕಚ್ಚಿಕೊಂಡು ನಿಂತಿದೆ. ನಮ್ಮ ಕೆಲಸದಲ್ಲಿ ಇದೇ ಕೆಟ್ಟ ಜಾಗ. ಲಿಫ್ಟಿನ ತಳದ ಕೆಳಗೆ ಖಾಲಿ ಬಾವಿ; ಇಳಿಯುವವರ ಕಾಲು ಜಾರಿದರೆ ನೇರ ಅದರೊಳಗೆ. ಬ್ರೇಕ್ ಸಡಿಲಿಸಿ ಕೈಯಲ್ಲೇ ಲಿಫ್ಟನ್ನು ಇಳಿಸಬಹುದು, ಆದರೆ ಅದಕ್ಕೆ ಇಬ್ಬರು ಬೇಕು: ಮೇಲಿನ ಮೆಷಿನ್ ರೂಮಿನಲ್ಲೊಬ್ಬ, ಬಾಗಿಲ ಬಳಿ ಒಬ್ಬ. ನನ್ನ ಜೊತೆಗಾರ 270 ಹೈವೇಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ.

ಹೊರಬಾಗಿಲನ್ನು ಅಂಗೈ ಅಗಲ ತೆರೆದು, ಅಲ್ಲಾಡದಂತೆ ಬೆಣೆ ಬಡಿದೆ. ಮೇಲೆ ಮಂಡಿಯೂರಿ ಕುಳಿತ ಮುದುಕರು ಕಂಡರು. ಸೂಟು, ಮಾಸ್ಕು, ಕತ್ತಿನಲ್ಲಿ ಸಣ್ಣ ಶಿಲುಬೆ.

‘ಈ ಕೌಂಟಿಯಲ್ಲಿ ಎಷ್ಟು ಮಕ್ಕಳನ್ನ ಹೊರಗೆ ಎಳೆದಿದ್ದೀನಿ ಗೊತ್ತಾ? ನನ್ನೊಬ್ಬನ್ನ ಎಳೆಯೋಕೆ ನಿನಗಾಗಲ್ವಾ?’ ಎಂದರು ಇಂಗ್ಲಿಷಿನಲ್ಲಿ.

‘ಆ ಮಕ್ಕಳು ಒಳಗಿಂದ ಕೋಲು ಹಾಕಿ ಮೀಟಿರಲಿಲ್ಲ, ಡಾಕ್ಟರೇ.’

ನಕ್ಕರು. ನಗು ಬೇಗ ನಿಂತಿತು. ‘ನಾನೇ ಧುಮುಕ್ತೀನಿ. ಬಾಗಿಲು ಪೂರ್ತಿ ತೆಗಿ.’

‘ಆಗಲ್ಲ.’

ಬೇಡಿದರು, ಗದರಿದರು. ಆಮೇಲೆ ಗೋಡೆಗೆ ಒರಗಿ, ಸಣ್ಣ ದನಿಯಲ್ಲಿ ಮಾತಿಗಿಳಿದರು. ದ್ವೀಪದ ಊರಿನಿಂದ ಒಂದು ಪೆಟ್ಟಿಗೆ ಹಿಡಿದು ಬಂದದ್ದು, ಎಲೆನಿ ರಾತ್ರಿ ಪಾಳಿ ದುಡಿದು ಇವರನ್ನು ಓದಿಸಿದ್ದು, ಎಂಥ ಡ್ಯೂಟಿ ಇದ್ದರೂ ಈಸ್ಟರಿನ ದಿನ ಇಬ್ಬರೂ ಮೊಟ್ಟೆ ಕುಟ್ಟದೆ ಊಟಕ್ಕೆ ಕೂರದೆ ಇದ್ದದ್ದು. ಕೆಂಪು ಬಣ್ಣ ಹಾಕಿ ಬೇಯಿಸಿದ ಮೊಟ್ಟೆ; ಕೋಟಿನ ಜೇಬಿನಿಂದ ಎರಡನ್ನು ತೆಗೆದು ತೋರಿಸಿದರು. ಒಬ್ಬರದನ್ನು ಇನ್ನೊಬ್ಬರದಕ್ಕೆ ಕುಟ್ಟಬೇಕು, ಒಡೆಯದೆ ಉಳಿದವರಿಗೆ ಆ ವರ್ಷ ಅದೃಷ್ಟ. ‘ನನ್ನ ಹೆಸರು ಅವಳಿಗೆ ಮರೆತಿದೆ. ಇದು ಮರೆತಿರಲಾರದು. ಆದರೆ ಮುಂದಿನ ಈಸ್ಟರಿಗೆ?’

ಗಡಿಯಾರ ನಾಲ್ಕರ ಹತ್ತಿರ ಬಂದಿತ್ತು. ಜೊತೆಗಾರನ ಸುಳಿವಿಲ್ಲ. ಅವರು ಒಳಗೆ ಸಿಕ್ಕಿದ್ದರೆ, ನಾನು ಹೊರಗೆ ನಿಂತೇ ಸಿಕ್ಕಿಕೊಂಡಿದ್ದೆ. ಬಾಗಿಲು ತೆಗೆಯುವ ಬಲ ಕೈಯಲ್ಲಿತ್ತು, ತೆಗೆಯುವಂತಿರಲಿಲ್ಲ.

ಆಗ ಬೆಣೆ ಬಡಿದ ಸಂದಿ ಕಣ್ಣಿಗೆ ಬಿತ್ತು. ಮನುಷ್ಯ ತೂರದ ಸಂದಿ.

‘ಶೈಲಜಾ, ಅಮ್ಮನವರನ್ನ ಇಲ್ಲಿಗೇ ಕರ್ಕೊಂಡು ಬರಕ್ಕಾಗತ್ತಾ?’

‘ಬಾಗಿಲ ಹತ್ರಾನಾ? ಏನ್ ಅಣ್ಣಾ ನೀವು!’ ಎಂದಳು, ಆಗಲೇ ಓಡುತ್ತ.

ಶೈಲಜಾ ತಳ್ಳಿಕೊಂಡು ಬಂದ ಎಲೆನಿಯ ಗಾಲಿಕುರ್ಚಿಗೆ ಬ್ರೇಕ್ ಹಾಕಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಾನು ಒತ್ತಿ ನಿಂತೆ. ಸಂದಿಯಿಂದ ಒಂದು ಮುದಿ ಕೈ ಕೆಳಗಿಳಿಯಿತು. ಒಂದು ಕೆಂಪು ಮೊಟ್ಟೆಯನ್ನು ಎಲೆನಿಯ ಮಡಿಲಿಗೆ ಬಿಟ್ಟು ಮೇಲೆ ಹೋಯಿತು. ಇನ್ನೊಂದನ್ನು ಹಿಡಿದು ಮತ್ತೆ ಬಂತು.

‘ಕ್ರಿಸ್ತೋಸ್ ಅನೆಸ್ತಿ’ ಎಂದರು ಡಾಕ್ಟರು. ಕ್ರಿಸ್ತ ಸಾವಿನಿಂದ ಎದ್ದಿದ್ದಾನೆ, ಎಂದು ಅವರ ಹಬ್ಬದ ಶುಭಾಶಯ.

ಆಕೆ ಗೋಡೆ ನೋಡುತ್ತಿದ್ದರು. ಡಾಕ್ಟರು ಮತ್ತೊಮ್ಮೆ ಹೇಳಿದರು.

‘ಅಲಿಥೋಸ್ ಅನೆಸ್ತಿ’ ಎಂದರು ಆಕೆ. ನಿಜವಾಗಿ ಎದ್ದಿದ್ದಾನೆ. ಎಂದವರೇ ಮಡಿಲ ಮೊಟ್ಟೆ ಎತ್ತಿ ಟಪ್ಪನೆ ಕುಟ್ಟಿದರು. ಒಡೆದದ್ದು ಗಂಡನದು. ಗೆದ್ದ ಹುಡುಗಿಯ ಹಾಗೆ ನಕ್ಕರು.

ನಾಲ್ಕಕ್ಕೆ ಶೈಲಜಾ ಕುರ್ಚಿ ತಿರುಗಿಸಿದಳು. ಗೆದ್ದ ಮೊಟ್ಟೆಯನ್ನು ಆಕೆ ಯಾರ ಕೈಗೂ ಕೊಡಲಿಲ್ಲ.

ಜೊತೆಗಾರ ಬಂದ ಮೇಲೆ ಲಿಫ್ಟು ಇಳಿಸಿದೆವು. ಹೊರಬಂದ ಡಾಕ್ಟರಿಗೆ ಈಗ ಅವಸರವಿರಲಿಲ್ಲ. ನನ್ನ ತೋಳು ಹಿಡಿದು ಬಗ್ಗಿ, ನೆಲದಲ್ಲಿ ಬಿದ್ದಿದ್ದ ಕೆಂಪು ಚಿಪ್ಪುಗಳನ್ನು ಆಯ್ದು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಚರ್ಚಿನಲ್ಲಿ ಮಂತ್ರಿಸಿದ್ದು, ತುಳಿಯಬಾರದಂತೆ. ನಮ್ಮ ಪ್ರಸಾದದ ಹಾಗೇ. ನಾನೂ ಬಗ್ಗಿ ಎರಡು ಚೂರು ಹುಡುಕಿ ಕೊಟ್ಟೆ.

ಲಿಫ್ಟಿನಲ್ಲಿ ಸಿಕ್ಕವರನ್ನು ‘ಎಷ್ಟು ಜನ ಇದ್ದೀರಿ? ಯಾರಿಗಾದರೂ ಹುಷಾರಿಲ್ಲವೇ?’ ಎಂದು ಕೇಳಬೇಕೆಂದು ನಮಗೆ ಕಲಿಸಿದ್ದರು. ಈಗಲೂ ಅದನ್ನೇ ಮೊದಲು ಕೇಳುತ್ತೇನೆ. ಅಂದಿನಿಂದ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ‘ಹೊರಗೆ ನಿಮಗಾಗಿ ಯಾರು ಕಾಯುತ್ತಿದ್ದಾರೆ?’