ಕಿವಿಯ ಮುಂದಿನ ಕಪ್ಪು ಗುಳ್ಳೆಗಳು

ಬುದ್ಧಿಹಲ್ಲಿನ ಸುತ್ತ ವಸಡು ಊದಿಕೊಂಡು ಅನ್ನ ಅಗಿಯುವುದೂ ಕಷ್ಟವಾದಾಗ, ಕುವೆಂಪುನಗರದ ನಮ್ಮ ಮನೆ ಹತ್ತಿರದ ಹಲ್ಲಿನ ಡಾಕ್ಟರ ಬಳಿ ಹೋದೆ. ಹಲ್ಲು ಕೀಳುವ ಮುಂಚೆ ಇಡೀ ದವಡೆಯ ಎಕ್ಸ್‌ರೇ ಬೇಕೆಂದರು ಆಕೆ. ಯಂತ್ರ ನನ್ನ ತಲೆಯ ಸುತ್ತ ತಿರುಗಿ ನಿಂತಿತು. ಚಿತ್ರ ಪರದೆಗೆ ಬಂದ ಮೇಲೆ ಡಾಕ್ಟರು ಹಲ್ಲಿನ ಕಡೆ ಹೆಚ್ಚು ಹೊತ್ತು ನೋಡಲಿಲ್ಲ. ಕಿವಿಯ ಮುಂದೆ, ದವಡೆಯ ಕೀಲು ಕೂಡುವ ಜಾಗವನ್ನು ದೊಡ್ಡದು ಮಾಡಿದರು. ಅಲ್ಲಿ ಮೂಳೆಯೊಳಗೆ ಕಪ್ಪು ಗುಳ್ಳೆಗಳ ಗುಂಪು ಕಾಣುತ್ತಿತ್ತು.

"ಇಲ್ಲಿ ಯಾವತ್ತಾದ್ರೂ ನೋವು ಬಂದಿತ್ತಾ ಮೇಡಂ?"

"ಇಲ್ವಲ್ಲ. ಯಾಕೆ?"

"ಬಹುಶಃ ಏನೂ ಇರಲ್ಲ. ಆದ್ರೂ ಒಂದು ಸ್ಕ್ಯಾನ್ ಮಾಡಿಸಿಬಿಡೋಣ. ಅಲ್ಲೀವರೆಗೆ ಹಲ್ಲು ಮುಟ್ಟೋದು ಬೇಡ."

ಆ 'ಬಹುಶಃ' ನನ್ನ ಎದೆಯಲ್ಲಿ ಕೂತುಬಿಟ್ಟಿತು. ನಮ್ಮಪ್ಪ ತೀರಿಕೊಂಡದ್ದು ದವಡೆಯ ಗಡ್ಡೆಯಿಂದ. ಅವರಿಗೂ ಮೊದಲು ಬಂದದ್ದು ಬರೀ ಹಲ್ಲುನೋವು. ಮನೆಯಲ್ಲಿ ನನ್ನ ಜೊತೆಗೇ ಇರುವ ಅಮ್ಮನಿಗೆ ಇದನ್ನು ಹೇಗೆ ಹೇಳುವುದು? ಹೇಳಲಿಲ್ಲ. ಮರುದಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಬಾಯಿ ತೆರೆದಾಗಲೆಲ್ಲ ಕೀಲು ಅಲುಗುವುದೇ ಗೊತ್ತಾಗುತ್ತಿತ್ತು. ವಾಕ್ಯದ ನಡುವೆ ನಿಂತುಬಿಟ್ಟೆ. "ಮಿಸ್, ಆಮೇಲೆ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಏನು ಹೇಳುತ್ತಿದ್ದೆನೋ ಮರೆತೇ ಹೋಗಿತ್ತು.

ಅಂದು ರಾತ್ರಿ ಮನೆಯಲ್ಲಿ ಸಾರನ್ನದ ತುತ್ತು ಹಿಸುಕುತ್ತಾ ಕೂತಿದ್ದೆ. ಅಮ್ಮ ಸೌಟು ಕೆಳಗಿಟ್ಟರು.

"ನಿಮ್ಮಪ್ಪಾನೂ ಹಿಂಗೇ ಹಿಸುಕಿ ಹಿಸುಕಿ ತಿಂತಿದ್ರು. ಏನಾಗಿದೆ, ಹೇಳ್ಬುಡು."

ಹೇಳಿದೆ. ಅಳುತ್ತಾರೆಂದುಕೊಂಡಿದ್ದೆ. ಅವರು ಅಳಲಿಲ್ಲ.

"ಸ್ಕ್ಯಾನ್‌ಗೆ ನಾನೂ ಬರ್ತೀನಿ. ನಿಮ್ಮಪ್ಪಂಗೆ ಗಡ್ಡೆ ಅಂತ ಗೊತ್ತಾದಾಗ ನಿಮ್ಮ ದೊಡ್ಡಪ್ಪನ ಮಾತ್ರ ಒಳಗೆ ಕರ್ದು ಎಲ್ಲಾ ಹೇಳುದ್ರು. ನನ್ನ ಬೆಂಚಿನ ಮೇಲೆ ಕೂರ್ಸಿಬುಟ್ಟಿದ್ರು. ಈ ಸಲ ಒಳಗೇ ಇರ್ತೀನಿ ಕಣಮ್ಮ."

ನಜರ್‌ಬಾದಿನ ಸ್ಕ್ಯಾನ್ ಸೆಂಟರಿಗೆ ಆಟೋದಲ್ಲಿ ಹೋದೆವು. ಸ್ಕ್ಯಾನ್ ಮುಗಿದ ಮೇಲೆ ಚಿತ್ರ ಓದುವ ಡಾಕ್ಟರು ನನ್ನನ್ನು ಕರೆದರು. ಅಮ್ಮ ನನಗಿಂತ ಮುಂಚೆ ಒಳಗೆ ಹೋಗಿ ಕುರ್ಚಿ ಎಳೆದುಕೊಂಡರು.

"ಗಡ್ಡೆನಾ ಡಾಕ್ಟ್ರೇ?"

"ಅಲ್ಲಮ್ಮ. ಕಿವಿ ಹಿಂದಿನ ಮೂಳೇಲಿ ಗಾಳಿ ತುಂಬಿದ ಸಣ್ಣ ಗೂಡುಗಳು ಎಲ್ಲರಿಗೂ ಇರ್ತವೆ. ಇವರಿಗೆ ಅವು ಸ್ವಲ್ಪ ಮುಂದಕ್ಕೆ, ಕೀಲಿನ ಮೇಲಿನ ಮೂಳೆವರೆಗೂ ಹಬ್ಬಿವೆ. ಬರೀ ಗಾಳಿ. ರೋಗ ಅಲ್ಲ."

"ಖಾತ್ರೀನಾ?"

"ಖಾತ್ರಿ. ನೋಡಿ, ಅಂಚೆಲ್ಲ ನೀಟಾಗಿದೆ, ಮೂಳೆ ಎಲ್ಲೂ ಸವೆದಿಲ್ಲ. ಮುಂದೆ ಯಾವತ್ತಾದ್ರೂ ಆ ಕೀಲಿಗೆ ಆಪರೇಷನ್ ಅಂದ್ರೆ ಡಾಕ್ಟ್ರಿಗೆ ಇದನ್ನ ಹೇಳ್ಬೇಕು, ಅಷ್ಟೆ. ಹಲ್ಲು ಕೀಳೋಕೆ ಏನೂ ತೊಂದರೆ ಇಲ್ಲ."

ಅಮ್ಮ ಕನ್ನಡಕ ಏರಿಸಿಕೊಂಡು ಪರದೆಗೆ ಬಗ್ಗಿದರು. ಎಡಗಡೆ, ಬಲಗಡೆ ಎರಡನ್ನೂ ತೋರಿಸಲು ಹೇಳಿದರು. ಡಾಕ್ಟರು ಬೇಸರಿಸದೆ ತೋರಿಸಿದರು.

ಹೊರಗೆ ಬಂದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಾಗ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. "ನಿಮ್ಮಪ್ಪಂದು ಎಂಗಿತ್ತೋ, ನಂಗೆ ಯಾರೂ ತೋರಿಸ್ಲೇ ಇಲ್ಲ" ಎಂದರು. ಆಟೋದಲ್ಲಿ ಮನೆ ತಲುಪುವವರೆಗೂ ಅಪ್ಪನ ಕೊನೆಯ ತಿಂಗಳುಗಳ ಬಗ್ಗೆ ನಾನು ಎಂದೂ ಕೇಳಿರದ ಸಂಗತಿಗಳನ್ನು ಹೇಳುತ್ತಲೇ ಇದ್ದರು. ಮುಂದಿನ ವಾರ ಹಲ್ಲಿನ ಡಾಕ್ಟರು ನನ್ನ ಬುದ್ಧಿಹಲ್ಲು ಕಿತ್ತರು.