ಬಗ್ಗಿದರೆ ಇಳಿಯುವ ನೋವು

ಪುಣೆಯ ನಮ್ಮ ಆಸ್ಪತ್ರೆಗೆ ಹೃದಯದ ಬಡಿತವನ್ನು ಗೆರೆಯಾಗಿ ಬರೆಯುವ ಯಂತ್ರ ಬಂದಾಗ ಹಿರಿಯ ವೈದ್ಯರೆಲ್ಲ ಅದನ್ನು ದೂರದಿಂದಲೇ ಮೆಚ್ಚಿದರು. ಕಿರಿಯ ಡಾಕ್ಟರಾಗಿದ್ದ ನಾನು ಹತ್ತಿರ ಹೋದೆ. ರೋಗಿಯ ಕೈಕಾಲಿಗೆ ಉಪ್ಪುನೀರಿನ ಬಟ್ಟೆ ಸುತ್ತಿ, ತಗಡು ಕಟ್ಟಿ, ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು ಓದುವುದನ್ನು ಕಲಿತೆ. ನನಗೆ ಧೈರ್ಯ ಮೊದಲಿನಿಂದಲೂ ತುಸು ಜಾಸ್ತಿ. ಮನೆಯಲ್ಲಿ ಅದನ್ನು ಸೊಕ್ಕು ಎನ್ನುತ್ತಿದ್ದರು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಒಮ್ಮೆ ಧಾರವಾಡದ ಕಡೆಯ ರೈಲು ಡ್ರೈವರೊಬ್ಬರು ಎದೆನೋವೆಂದು ದಾಖಲಾದರು. ಮುಂಬಯಿ ಗಾಡಿ ಓಡಿಸುವವರು, ಇನ್ನೂ ನಲವತ್ತು ದಾಟದ ಗಟ್ಟಿ ಆಳು. ನಮ್ಮ ದೊಡ್ಡ ಡಾಕ್ಟರು ಪರೀಕ್ಷಿಸಿ ಹೃದಯಾಘಾತ ಎಂದರು. ಅಂಗಾತ ಮಲಗಿರಬೇಕು, ಏಳಬಾರದು. ಇನ್ನು ಎಂಜಿನ್ ಹತ್ತುವ ಮಾತೇ ಇಲ್ಲ. ಅದನ್ನು ಕೇಳಿ ಆ ಮನುಷ್ಯ ನೋವಿಗಿಂತ ಹೆಚ್ಚು ಕುಗ್ಗಿದರು. ಎಂಜಿನ್ ಬಿಟ್ಟು ಬೇರೆ ಕೆಲಸವನ್ನು ಅವರು ಕಲಿತಿರಲಿಲ್ಲ.

ಅವರನ್ನು ಯಂತ್ರದ ಕೋಣೆಗೆ ಕರೆಸಲೆಂದು ನಾನು ವಾರ್ಡಿಗೆ ಹೋದಾಗ, ಅವರು ಹಾಸಿಗೆಯ ಮೇಲೆ ಎದ್ದು ಕೂತು, ಕಾಲ ಬಳಿಯಿದ್ದ ವಿಠ್ಠಲನ ಪಟಕ್ಕೆ ಹಣೆ ಹಚ್ಚಿದ್ದರು. ಪಟ ತಂದಿಟ್ಟವರು ಅವರ ತಾಯಿ. ನರ್ಸು ಮರಾಠಿಯಲ್ಲಿ ಗದರಿಸುತ್ತಿದ್ದಳು.

“ಬಯ್ಯಬ್ಯಾಡಂತ ಹೇಳ್ರಿ ಡಾಕ್ಟರ್ ಬಾಯಾರ,” ಎಂದು ತಾಯಿ ನನಗೆ ಕೈಮುಗಿದರು. “ವಿಠ್ಠಲಗ ತಲಿ ಬಾಗಿಸಿದ್ರ ಸಾಕ್ರಿ, ನೋವು ಹೋಗೇಬಿಡ್ತದ. ಮಲಗಿಸಿದ್ರ ಮತ್ತ ಬರ್ತದ. ದೇವರು ಭಾಳ ದೊಡ್ಡಾಂವ.”

ದೇವರು ದೊಡ್ಡವನೇ ಇರಬಹುದು. ಆದರೆ ಹೃದಯಾಘಾತದ ನೋವು ಬಗ್ಗಿದವರಿಗೆ ರಿಯಾಯಿತಿ ಕೊಡುವುದಿಲ್ಲ. ನನ್ನ ಕಿವಿ ನೆಟ್ಟಗಾಯಿತು.

“ಇನ್ನೊಮ್ಮೆ ನಮಸ್ಕಾರ ಮಾಡ್ರಿ,” ಎಂದೆ. ಅವರು ಮುಂದಕ್ಕೆ ಬಗ್ಗಿದಾಗ ಎದೆಗೆ ಸ್ಟೆತಾಸ್ಕೋಪು ಹಚ್ಚಿದೆ. ಬಡಿತದ ಜೊತೆ ಹೊಸ ಚಪ್ಪಲಿ ಕಿರುಗುಟ್ಟಿದಂಥ ಸದ್ದು. ದೊಡ್ಡ ಡಾಕ್ಟರು ಅಂಗಾತ ಮಲಗಿಸಿಯೇ ನೋಡಿದ್ದರಿಂದ ಅವರಿಗೆ ಅದು ಕೇಳಿರಲಿಲ್ಲ. ಸ್ವಲ್ಪ ದಿನದ ಹಿಂದೆ ನೆಗಡಿ, ಜ್ವರ ಬಂದಿದ್ದವೆಂದೂ ತಾಯಿ ಹೇಳಿದರು.

ಯಂತ್ರದ ಕೋಣೆಯಲ್ಲಿ ತೆಗೆದ ಫಿಲ್ಮು ತೊಳೆದು ನೋಡಿದೆ; ಹೃದಯವನ್ನು ಮೂರು ಕಡೆಯಿಂದ ಬರೆದ ಮೂರು ಪಟ್ಟಿಗಳು. ಪ್ರತಿ ಬಡಿತದ ಚೂಪಾದ ಏರಿಳಿತದ ನಂತರ ಗೆರೆ ತನ್ನ ಮಟ್ಟಕ್ಕೆ ಬರಬೇಕು. ಇಲ್ಲಿ ಅದು ಬಾರದೆ, ತೊಟ್ಟಿಲಾಗಿ ಕಟ್ಟಿದ ಸೀರೆಯಂತೆ ಜೋತು ಮೇಲೆಯೇ ನಿಂತಿತ್ತು. ಹೃದಯಾಘಾತವಾಗಿದ್ದರೆ ಒಂದು ಪಟ್ಟಿಯಲ್ಲಿ ಎದ್ದ ಗೆರೆ ಅದರ ಎದುರಿನ ಪಟ್ಟಿಯಲ್ಲಿ ತಗ್ಗಬೇಕಿತ್ತು. ಇಲ್ಲಿ ಮೂರೂ ಪಟ್ಟಿಗಳಲ್ಲಿ ಎದ್ದಿತ್ತು, ಎಲ್ಲಿಯೂ ತಗ್ಗಿರಲಿಲ್ಲ. ಹೃದಯದ ಮಾಂಸ ಸತ್ತಿರಲಿಲ್ಲ. ಜ್ವರದ ಬೆನ್ನಿಗೆ ಅದರ ಸುತ್ತಲಿನ ಪೊರೆಗೆ ಬಾವು ಬಂದಿತ್ತು; ಕಿರುಗುಟ್ಟಿದ್ದೂ ಅದೇ, ಬಗ್ಗಿದಾಗ ಹಗುರಾಗುತ್ತಿದ್ದದ್ದೂ ಅದೇ. ನನಗೆ ಕುಣಿಯುವಷ್ಟು ಸಂತೋಷವಾಯಿತು.

ದೊಡ್ಡ ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ನೀವು ಹೇಳಿದ್ದು ತಪ್ಪಾದರೆ ಹೋಗುವುದು ಇವರೊಬ್ಬರ ಜೀವವಲ್ಲ, ಹಿಂದಿನ ಡಬ್ಬಿಗಳಲ್ಲಿ ಕೂತವರದೂ,” ಎಂದು ಮರಾಠಿಯಲ್ಲಿ ಹೇಳಿದರು. ನ್ಯಾಯವಾದ ಮಾತು. ನನಗೆ ಹೆದರಿಕೆಯೂ ಆಯಿತು. ಆದರೆ ನಾನು ಹೆದರಿದೆನೆಂದು ಗೆರೆ ಬದಲಾಗುವುದಿಲ್ಲವಲ್ಲ. “ತಪ್ಪಿಲ್ಲ,” ಎಂದೆ.

ಆಸ್ಪಿರಿನ್ ಶುರುವಾಯಿತು, ದಿಂಬಿಗೆ ಒರಗಿ ಕೂರಲು ಅಪ್ಪಣೆ ಸಿಕ್ಕಿತು. ನೋವು ಹೋಯಿತು, ಸದ್ದೂ ಹೋಯಿತು. ಮುಂದೆ ತೆಗೆದ ಫಿಲ್ಮುಗಳಲ್ಲಿ ಗೆರೆ ಮೆಲ್ಲಗೆ ತನ್ನ ಜಾಗಕ್ಕೆ ಮರಳಿತು. ಹೃದಯಾಘಾತ ಬಿಟ್ಟುಹೋಗುವ ಗಾಯದ ಗುರುತು ಎಲ್ಲಿಯೂ ಕಾಣಲಿಲ್ಲ. ಕೆಲವು ತಿಂಗಳ ನಂತರ, ಇವರು ಕೆಲಸಕ್ಕೆ ಯೋಗ್ಯರು ಎಂದು ದೊಡ್ಡ ಡಾಕ್ಟರೇ ರೈಲ್ವೆಯವರಿಗೆ ತಿಳಿಸಿದರು. ತಾಯಿ ಪೇಢೆ ಹಂಚಿದರು, ಮೊದಲು ವಿಠ್ಠಲನಿಗೆ, ಆಮೇಲೆ ನನಗೆ.

ಆ ಚಳಿಗಾಲದಲ್ಲಿ ನಮ್ಮ ಅವ್ವನನ್ನು ಮುಂಬಯಿಗೆ ಕರೆದೊಯ್ಯಬೇಕಾಯಿತು. ಪುಣೆ ಸ್ಟೇಷನ್ನಿನಲ್ಲಿ ಎಂಜಿನ್ನಿನಿಂದ ಆ ಡ್ರೈವರು ಕೈ ಎತ್ತಿದರು.

“ಬರ್ರಿ ಬಾಯಾರ, ಇವತ್ತ ನಾನ ಅದೀನಿ!”

ಹಿಂದಿನ ಡಬ್ಬಿಗಳಲ್ಲೂ ಜಾಗವಿತ್ತು. ನಾನು ಅವ್ವನನ್ನು ಎಂಜಿನ್ನಿನ ಬೆನ್ನಿಗಿದ್ದ ಡಬ್ಬಿಯಲ್ಲೇ ಕೂರಿಸಿದೆ. ಲೋಣಾವಳಾ ದಾಟಿ ಘಾಟು ಇಳಿಯುವಾಗ ಎಚ್ಚರವಾಗಿದ್ದು, ಗಾಡಿಯ ಸದ್ದಿಗೆ ಕಿವಿಗೊಟ್ಟು ಕೂರಬೇಕೆಂದುಕೊಂಡಿದ್ದೆ. ಎಲ್ಲಿಯ ಎಚ್ಚರ! ಅವ್ವ ಭುಜ ಅಲ್ಲಾಡಿಸಿ ಎಬ್ಬಿಸಿದಾಗ ಗಾಡಿ ಘಾಟೆಲ್ಲ ಇಳಿದು ಕಲ್ಯಾಣದಲ್ಲಿ ನಿಂತಿತ್ತು.